ಕುಂಟ ಗೆರೆ

ನಗೋದಾದ್ರೆ ಈಗ್ಲೇ ನಕ್ಬಿಡಿ. ಆಮೇಲೆ ನಗು ಬರಲ್ಲ. ಇದು ನಮ್ಮ ದೊಡ್ಡಮ್ಮನ ಮಗ ಹೈಸಮ್‌ಗೆ ಆಗಿದ್ದು. ಇಲ್ಲೇ ಇಸ್ಮಾಯಿಲಿಯಾದಲ್ಲಿ, ಸಿಹಿನೀರು ಕಾಲುವೆ ದಂಡೆ ಮೇಲೆ ಆಲದ ಮರಗಳ ಸಾಲಿದೆಯಲ್ಲ, ಅಲ್ಲಿ.

ರಾತ್ರಿ ಹನ್ನೆರಡು ದಾಟಿತ್ತು. ಸಂಜೆ ಆಫೀಸಿಂದ ನಕ್ಷೆ ಕಳಿಸಿ, ಉಳಿದ ಕೆಲಸ ಮುಗಿಸಿ ಒಬ್ನೇ ನಡ್ಕೊಂಡು ಬರ್ತಿದ್ದ. ಕೈಯಲ್ಲಿ ಅಮ್ಮನಿಗೆ ಅಂತ ಕಟ್ಟಿಸ್ಕೊಂಡ ಬಿಸಿ ತಾಮಿಯಾ ವಡೆ ಪೊಟ್ಟಣ. ಕೊನೇ ಆಲದ ಹತ್ರ ಬಂದ. ಹಿಂದೆ...

ಧಪ್. ಸರ್ರ್ರ್. ಟಕ್.

ಇವನು ನಿಂತ. ಅದೂ ನಿಂತಿತು.

ಹೆಜ್ಜೆ ಇಟ್ಟ. ಧಪ್. ಸರ್ರ್ರ್. ಟಕ್.

ಬೇರೆ ಯಾರಾದ್ರೂ ಆಗಿದ್ರೆ ಯಾವನೋ ಕುಡುಕ ಅಂದ್ಕೊಂಡು ಸುಮ್ಮನಾಗ್ತಿದ್ರು. ಹೈಸಮ್‌ಗೆ ಹಾಗಾಗ್ಲಿಲ್ಲ. ಆ ನಡಿಗೆಯನ್ನ ಟೇಪು ಹಿಡಿದು ಅಳೆದವನೇ ಅವನು. ಹಾಗೆ ನಡೀತಿದ್ದ ಮುದುಕ ಸತ್ತು ಇಪ್ಪತ್ತು ದಿನ ಆಗಿತ್ತು.

ಮುದುಕನ ಹೆಸರು ಬಯೂಮಿ. ಅದೇ ಆಫೀಸಲ್ಲಿ ಜಾಗ ಅಳೆಯೋ ಕೆಲಸ. ಎಡಗಾಲು ಎಳೀತಿದ್ದ, ಕೈಯಲ್ಲೊಂದು ಕೋಲು. ಒಂದಿನ ಹೊರಗಡೆ ಗುರುತು ಹಾಕಿ ಬಂದವನು ಸುಣ್ಣ ಮೆತ್ತಿದ ಬೂಟಲ್ಲೇ ಆಫೀಸಿನ ಕರೀ ನೆಲದ ಮೇಲೆ ನಡೆದ. ಬಲಗಾಲಿಗೆ ಒಂದು ಗಿಡ್ಡ ಗುರುತು, ಎಡಗಾಲಿಗೆ ಉದ್ದ ಎಳೆತ, ಕೋಲಿಗೊಂದು ಚುಕ್ಕಿ. ಗೋಡೆಯಿಂದ ಗೋಡೆಗೆ.

ಹೈಸಮ್‌ಗೆ ತಮಾಷೆ ಸಿಕ್ಕೇಬಿಡ್ತು. ಎರಡನೇ ಹಂತದ ರಸ್ತೆ ಅಗಲ ಮಾಡೋ ನಕ್ಷೆಗೆ, "ಕೆಡವೋ ಜಾಗ ಸುತ್ತೋಕೆ ಹೊಸ ಥರ ಗೆರೆ ಬೇಕು, ಇರೋವೆಲ್ಲ ಬೇರೆಬೇರೆದಕ್ಕೆ ಹೋಗಿದಾವೆ" ಅಂತ ನಾಹಿದ್ ಮೇಡಂ ಅವತ್ತೇ ಹೇಳಿದ್ರು. ಆಫೀಸಿನ ಯಜಮಾನಿ, ಇಂಜಿನಿಯರ್. ಹೊಸ ಗೆರೆ ಮಾಡೋದು ಕಷ್ಟ ಏನಲ್ಲ. ಒಂದು ಫೈಲಲ್ಲಿ ಅಂಕಿ ಬರೆದ್ರೆ ಅಷ್ಟುದ್ದ ಗೆರೆ. ಮೈನಸ್ ಹಾಕಿದ್ರೆ ಅಷ್ಟು ಖಾಲಿ. ಸೊನ್ನೆ ಹಾಕಿದ್ರೆ ಚುಕ್ಕಿ. ಮಂಡಿಯೂರಿ ಸುಣ್ಣದ ಗುರುತು ಅಳೆದ, ಟಕಟಕ ಒತ್ತಿದ, ಹೆಸರಿಟ್ಟ: ಕುಂಟ.

"ಬಾ ಕಾಕಾ, ನೋಡು! ನಿನ್ನನ್ನ ಕಂಪ್ಯೂಟರ್ ಒಳಗೆ ನಡೆಸ್ತಾ ಇದೀನಿ!"

ಆಫೀಸಿಗೆ ಆಫೀಸೇ ಹೊಟ್ಟೆ ಹಿಡ್ಕೊಂಡು ನಕ್ತು. ಬಯೂಮಿನೂ ನಕ್ಕ. ಕನ್ನಡಕ ಹಣೆಗೆ ಏರಿಸಿ ಪರದೆ ಹತ್ರ ಬಂದ. ನಗು ನಿಂತಿತು.

"ಈ ಗೆರೆ ಸುತ್ತಿರೋದು ನಮ್ಮನೆ ಅಲ್ವೇನೋ ಮಗಾ?"

"ಹೌದು ಕಾಕಾ."

"ನಾನೇ ಅಳೆದದ್ದು... ಒಂದು ಮೀಟರ್ ಆಚೆ ಹಾಕಬಹುದು. ಅಲ್ಲಿ ಖಾಲಿ ಜಾಗ ಇದೆ."

ಇತ್ತು. ಹೈಸಮ್‌ಗೂ ಗೊತ್ತಿತ್ತು. ಆದ್ರೆ ಆಚೆ ಹಾಕಬೇಕಂದ್ರೆ ಆರು ಹಾಳೆ ತಿದ್ದಬೇಕು, ಸಂಜೆ ಫುಟ್‌ಬಾಲ್ ಮ್ಯಾಚು ಬೇರೆ.

"ಗೆರೆ ಹಾಕಾಯ್ತು ಕಾಕಾ. ಅರ್ಜಿ ಕೊಡು," ಅಂದ. ಸುಮ್ಮನಿರಬೇಕಿತ್ತು. ಇಲ್ಲ, "ನಿನ್ನ ಥರಾನೇ ಕುಂಟ್ಕೊಂಡು ಹೋಗುತ್ತೆ, ನಿಮ್ಮನೆ ಮುಟ್ಟೋಷ್ಟರಲ್ಲಿ ವರ್ಷ ಆಗುತ್ತೆ ಬಿಡು," ಅಂತ ಬೇರೆ ಸೇರಿಸಿದ.

ವರ್ಷ ಆಗ್ಲಿಲ್ಲ. ಒಂದೇ ತಿಂಗಳು. ಮನೆ ಕೆಡವಿದ ಮೇಲೆ ಬಯೂಮಿ ಕೊನೇ ಆಲದ ಕೆಳಗೆ ಕಂಬಳಿ ಹೊದ್ದು ಕೂತ. ಕೋಲು ನೆಲಕ್ಕೆ ಕುಟ್ತಾ ಇರ್ತಿದ್ದ. ಟಕ್, ಟಕ್, ಟಕ್. ಹೈಸಮ್ ದಿನಾ ಅದೇ ದಾರೀಲಿ ಹೋಗ್ತಿದ್ದ, ಫೋನ್ ನೋಡ್ಕೊಂಡು. ಜನವರಿ ಚಳಿ. ನಾಲ್ಕನೇ ಬೆಳಗ್ಗೆ ಕುಟ್ಟೋ ಶಬ್ದ ಇರ್ಲಿಲ್ಲ.

ಈಗ ಆ ರಾತ್ರಿಗೆ ಬನ್ನಿ.

ಓಡಿದ. ತಾಮಿಯಾ ಎಲ್ಲಿ ಬಿತ್ತೋ. ಮನೆಗೆ ನುಗ್ಗಿ ಅಗುಳಿ ಹಾಕಿದ. ಅಮ್ಮ ಕತ್ತಲಲ್ಲೇ ಮಂಚದ ಮೇಲೆ ಎದ್ದು ಕೂತಿದ್ಲು.

"ಶ್... ಹೊರಗೆ ಯಾರೋ ಇದಾರೆ ಕಣೋ."

"ಯಾರೂ ಇಲ್ಲ. ಮಲ್ಕೋ."

"ಕೇಳು."

ಧಪ್. ಸರ್ರ್ರ್. ಟಕ್. ಮುಂದಿನ ಗೋಡೆ ಉದ್ದಕ್ಕೂ ಹೋಯ್ತು... ಮೂಲೇಲಿ ತಿರುಗಿತು. ಅಡುಗೆಮನೆ ಕಡೆ. ಹಿತ್ತಲು. ಪಕ್ಕದ ಓಣಿ. ಮತ್ತೆ ಬಾಗಿಲಿಗೆ ಬಂತು. ಅಲ್ಲಿಗೆ ನಿಂತೇಹೋಯ್ತು.

"ಅಳೀತಿದಾರೇನೋ?" ಅಂದ್ಲು ಅಮ್ಮ, ಪಿಸುಮಾತಲ್ಲಿ.

ಬೆಳಗ್ಗೆ ಆಫೀಸಿಗೆ ಎಲ್ಲರಿಗಿಂತ ಮುಂಚೆ ಹೋದ. ಮುಂದಿನ ಹಂತದ ನಕ್ಷೆ ತೆಗೆದ. ಬಯೂಮಿ ಮನೆ ಇದ್ದ ಜಾಗದಿಂದ ಒಂದು ಕುಂಟ ಗೆರೆ ಹೊರಟಿದೆ... ಆಲದ ಮರ ದಾಟಿ, ಬೀದಿ ದಾಟಿ, ಹೈಸಮ್ ಮನೇನ ನಾಲ್ಕೂ ಕಡೆ ಸುತ್ತಿ ಮುಚ್ಕೊಂಡಿದೆ. ಅಳಿಸಿದ. ಹೋಯ್ತು. ಗೆರೆ ಹೆಸರನ್ನೇ ಕಿತ್ತು ಹಾಕೋಣ ಅಂತ ಹೋದ. ಆಗಲ್ಲ ಅಂತು ಕಂಪ್ಯೂಟರ್, ಬಳಕೆಯಲ್ಲಿದೆ. ಎಲ್ಲಿ ಬಳಕೆಯಲ್ಲಿದೆ? ನಕ್ಷೆ ಪೂರ್ತಿ ಜಾಲಾಡಿದ. ಒಂದು ಕಡ್ಡಿಯಷ್ಟೂ ಇಲ್ಲ.

"ಏನ್ ಅಳಿಸ್ತಾ ಇದೀಯ?" ನಾಹಿದ್ ಮೇಡಂ ಬಂದ್ರು. "ಹಾಳೆಗಳು ನಿನ್ನೆ ಸಂಜೆಯೇ ಹೋದ್ವಲ್ಲ. ಮೊಹರೂ ಬಿತ್ತು."

"ನಿನ್ನೆ ಸಂಜೆ... ನಮ್ಮನೆ ಸುತ್ತ ಈ ಕುಂಟ ಗೆರೆ ಇರ್ಲಿಲ್ಲ ಮೇಡಂ!"

ಅವರು ಕಪಾಟಿಂದ ಇನ್ನೊಂದು ಪ್ರತಿ ಎಳೆದು ಮೇಜಿನ ಮೇಲೆ ಹರಡಿದ್ರು. ಇತ್ತು. ಕಪ್ಪಗೆ, ಸ್ಪಷ್ಟವಾಗಿ.

"ನಾನು ಹಾಕಿಲ್ಲ. ಅಮ್ಮನಾಣೆ."

"ಈ ಗೆರೆ ಇರೋದೇ ನಿನ್ನ ಕಂಪ್ಯೂಟರಲ್ಲಿ ಹೈಸಮ್. ಬೇರೆ ಯಾರು ಹಾಕ್ತಾರೆ?"

"ತಿದ್ದಿ ಕಳ್ಸೋಣ ಮೇಡಂ. ಕಾಲಿಗೆ ಬೀಳ್ತೀನಿ."

ಅವರು ಹಾಳೆ ಸುತ್ತಿಟ್ರು. "ಅರ್ಜಿ ಕೊಡು," ಅಂದ್ರು. ಅಣಕಿಸಲಿಲ್ಲ ಪಾಪ. ಬೇರೆ ದಾರಿನೇ ಇರ್ಲಿಲ್ಲ.

ಕೊಟ್ಟ. ಮೂರು ಕಚೇರಿಗೆ, ಮೂರು ಅರ್ಜಿ. ಅವಕ್ಕೆ ಉತ್ತರ ಬರೋ ಮೊದಲು ಬುಲ್ಡೋಜರ್ ಬಂತು. ಮುಂದೆ ಮಲಗಿದ ಇವನನ್ನ ಇಬ್ಬರು ಪೊಲೀಸರು ಎತ್ತಿ ಪಕ್ಕಕ್ಕಿಟ್ರು. ಮೇಸ್ತ್ರಿ ಹಾಳೆ ಬಿಚ್ಚಿ ಇವನ ಸಹಿ ತೋರಿಸಿದ. "ಬರೆದವನು ನೀನೇ, ಅಳೋನೂ ನೀನೇನಾ?" ಕೂಲಿಯವರೆಲ್ಲ ಹೊಟ್ಟೆ ಹಿಡ್ಕೊಂಡು ನಕ್ರು. ದೊಡ್ಡಮ್ಮ ಟೀ ಕೆಟಲ್ ಒಂದನ್ನ ಎದೆಗವಚಿಕೊಂಡು ಹೊರಗೆ ಬಂದ್ಲು. ಹೋಗಿ ಕೂತದ್ದು ಎಲ್ಲಿ ಅಂತೀರಿ? ಕೊನೇ ಆಲದ ಕೆಳಗೆ. ನಮ್ಮಪ್ಪ ಹೋಗಿ ಕರ್ಕೊಂಡು ಬರೋವರೆಗೂ ಮೂರು ರಾತ್ರಿ ಅಲ್ಲೇ ಇದ್ಲು. ಆಮೇಲೆ ನಮ್ಮನೇಲಿ ಒಂದು ವಾರ ಬದುಕಿದ್ಲು. ಎದೇಲಿ ಕಫ ಕಟ್ಟಿತ್ತು.

ಹೈಸಮೇ ಹಾಕಿರ್ತಾನೆ, ಕುಡಿದಿದ್ದ ಅಂತಾರೆ ಊರವರು. ಅನ್ನಲಿ. ಮೇಸ್ತ್ರಿ ಬಿಟ್ಟುಹೋದ ಆ ಹಾಳೆ ನಮ್ಮನೆ ಮಂಚದ ಕೆಳಗೆ ಸುತ್ತಿ ಇಟ್ಟಿದೆ, ಯಾವಾಗ ಬೇಕಾದ್ರೂ ಬಂದು ನೋಡಿ. ಕಂಪ್ಯೂಟರ್ ಹಾಕಿದ ಗೆರೆಗೆ ಸುಸ್ತು ಅನ್ನೋದಿಲ್ಲ. ಹೇಳಿಕೊಟ್ಟ ಲೆಕ್ಕ ಒಂದೇ, ಈ ತುದಿಯಿಂದ ಆ ತುದಿಗೂ ಅದನ್ನೇ ಹಾಕುತ್ತೆ. ಗಿಡ್ಡ, ಉದ್ದ, ಚುಕ್ಕಿ. ಗಿಡ್ಡ, ಉದ್ದ, ಚುಕ್ಕಿ.

ಆಲದ ಮರದ ಹತ್ರ ಮಾತ್ರ ಹಾಗಿಲ್ಲ. ಅಲ್ಲಿ ಗಿಡ್ಡದೂ ಇಲ್ಲ, ಉದ್ದದ್ದೂ ಇಲ್ಲ. ಬರೀ ಚುಕ್ಕಿ. ಒಂದೇ ಜಾಗದಲ್ಲಿ, ಒತ್ತೊತ್ತಾಗಿ... ಎಣಿಸಿದೀನಿ ನಾನು, ನಲವತ್ತೊಂದು. ಆಮೇಲೆ ಮತ್ತೆ ಎದ್ದು ನಡೆದಿದೆ.