ಕಿವಿಯಣ್ಣನ ರಿಪೇರಿ ಕೋಣೆ

ಕಿವಿಯಣ್ಣನ ಮನೆಯಿಂದ ಬಂದಿರುವ ಅಮ್ಮ, ಅಕ್ಕ, ನಮ್ಮ ಯಜಮಾನರೇ, ಕ್ಯಾಮೆರಾ ಕಾರ್ಖಾನೆಯ ಎಲ್ಲ ಹಿರಿಯರೇ, ಗೆಳೆಯರೇ — ನಮಸ್ಕಾರ.

ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಓದಿದ್ದು ಪ್ರೈಮರಿ ಶಾಲೆಯವರೆಗೆ. ಈ ಹಾಳೆಯಲ್ಲಿರುವುದೆಲ್ಲ ಕಾಗೆ ಕಾಲು ಗುಬ್ಬಿ ಕಾಲು, ಕಾಗುಣಿತವೂ ತಪ್ಪಿರಬೇಕು. ನನ್ನ ಅಕ್ಷರ ನನಗೇ ಓದಲಾಗದೆ ನಿಂತರೆ — ಸ್ವಲ್ಪ ತಡೆದುಕೊಳ್ಳಿ.

ನಮ್ಮ ರಿಪೇರಿ ಕೋಣೆಯ ಹಿರಿಯರನ್ನು ನಾವೆಲ್ಲ ಕಿವಿಯಣ್ಣ ಎನ್ನುತ್ತಿದ್ದೆವು. ರಿಪೇರಿಯಾದ ಪ್ರತಿ ಕ್ಯಾಮೆರಾವನ್ನೂ ಹೀಗೆ — ಹೀಗೆ ಕಿವಿಗೆ ಒತ್ತಿ, ಗುಂಡಿ ಅದುಮಿ, ಒಳಗಿನ ಪರದೆ ತೆರೆದು ಮುಚ್ಚುವ ಸದ್ದು ಕೇಳುತ್ತಿದ್ದರು. ಅಳೆಯುವ ಯಂತ್ರ ಸರಿ ಎಂದರೂ ಸಾಲದು, ಅವರ ಕಿವಿ ಒಪ್ಪಬೇಕು. ಮನೆಯಲ್ಲಿ ಅವರ ಹೆಂಡತಿ, ನಮ್ಮ ಈ ಅಮ್ಮ, ಮೂರು ಸಲ ಕೂಗಿದರೂ ಕೇಳಿಸದ ಕಿವಿ ಅದು. ನಿಜ ತಾನೇ, ಅಮ್ಮ? — ನೋಡಿ, ಅಮ್ಮ ನಗುತ್ತಿದ್ದಾರೆ.

ನಿಮಗೆಲ್ಲ ಗೊತ್ತು. ಎಲ್ಲರ ಕೈಗೂ ಫೋನು ಬಂತು, ಕ್ಯಾಮೆರಾ ಕೊಳ್ಳುವವರು ಕಡಿಮೆಯಾದರು. ನಮ್ಮ ಎರಡು ಪಾಳಿ ಒಂದಾಯಿತು. ಎರಡು ವರ್ಷದ ಹಿಂದೆ ಯಜಮಾನರು ಎಲ್ಲರನ್ನೂ ಕೂರಿಸಿ ಹೇಳಿದರು — ಅಗ್ಗದ ಒಂಬತ್ತು ಹೊಸ ಮಾದರಿ ತರೋಣ, ಅದಕ್ಕೆ ಜಾಗ ಬೇಕು, ರಿಪೇರಿ ಕೋಣೆ ಮುಚ್ಚೋಣ.

ಹಿಂದಿನ ಸಾಲಿನಿಂದ ಕಿವಿಯಣ್ಣ ಎದ್ದರು.

"ಫೋನಿನ ಜೊತೆ ಓಡೋಕೆ ಹೋದ್ರೆ ನಮಗೇ ಏದುಸಿರು, ಯಜಮಾನ್ರೇ. ಜೇಬಲ್ಲಿ ಫೋನ್ ಇದ್ರೂ ನಮ್ಮ ಕ್ಯಾಮೆರಾ ಬಿಡದೆ ಇಟ್ಕೊಂಡಿರೋರು ಇದ್ದಾರಲ್ಲ, ಅವರನ್ನ ನೋಡ್ಕೊಳ್ಳೋಣ. ಒಂದೇ ಮಾದರಿ ಮಾಡೋಣ. ಅದು ಯಾವತ್ತು ಕೆಟ್ರೂ ನಾವೇ ಸರಿಮಾಡಿ ಕೊಡೋಣ."

"ರಿಪೇರಿ ಮಾಡ್ತಾ ಕೂತ್ರೆ ಹೊಸದು ಯಾರ್ರೀ ಕೊಳ್ತಾರೆ?"

"ಇವರು ನಮ್ಮ ಕೈಬಿಡಲ್ಲ ಅಂತ ಗೊತ್ತಾದ್ರೆ ಕೊಳ್ತಾರೆ."

ಯಜಮಾನರು ಒಂದು ವರ್ಷ ನೋಡೋಣ ಎಂದರು.

ಆ ವರ್ಷವನ್ನು ನಾನೇ ಹಾಳುಮಾಡುವುದರಲ್ಲಿದ್ದೆ. ಒಬ್ಬ ಹೆಂಗಸು ತೀರಿಹೋದ ತಂದೆಯ ಕ್ಯಾಮೆರಾ ಕಳಿಸಿದ್ದರು. ಪರದೆ ಸಿಕ್ಕಿಕೊಂಡಿತ್ತು. ಸರಿಮಾಡಿದೆ. ಮೇಲಿನ ತೊಗಲು ಸವೆದಿತ್ತಲ್ಲ — ಹೇಗೂ ಬಿಚ್ಚಿದ್ದೇನೆ ಎಂದು ಅದನ್ನೂ ಕಿತ್ತು, ಹೊಸದು ಅಂಟಿಸಿ ಕಳಿಸಿದೆ. ಫೋನ್ ಬಂತು. ಆಕೆ ಕೂಗಾಡಲಿಲ್ಲ.

"ಅಲ್ಲಿ ನಮ್ಮಪ್ಪನ ಹೆಬ್ಬೆರಳು ಸವೆಸಿದ ಗುರುತಿತ್ತು. ಅದೆಲ್ಲಿ?"

ಕಿವಿಯಣ್ಣ ಬೈಯಲಿಲ್ಲ. ಇನ್ನೂ ಖಾಲಿ ಮಾಡಿರದ ಕಸದ ಡಬ್ಬಿಯನ್ನು ನೆಲದ ಮೇಲೆ ಬೋರಲು ಹಾಕಿದರು. "ಕೂತ್ಕೊಳ್ಳೇ ಹುಡುಗಿ, ಹುಡುಕು. ಅಳೋದಿದ್ರೆ ಹುಡುಕ್ತಾ ಅಳು." ಇಬ್ಬರೂ ಮಂಡಿಯೂರಿ ಹುಡುಕಿದೆವು. ಹಳೆಯ ತೊಗಲು ಸಿಕ್ಕಿತು. ಕ್ಯಾಮೆರಾ ವಾಪಸ್ ತರಿಸಿ ತಮ್ಮ ಕೈಯಾರೆ ಅಂಟಿಸಿದರು.

ಅಂದಿನಿಂದ ನಮ್ಮ ಕೋಣೆಯಲ್ಲಿ ಕೇಳದೆ ಏನನ್ನೂ ಬದಲಿಸುವುದಿಲ್ಲ. ತೆಗೆದದ್ದು ಒಂದು ತಿರುಪೇ ಆಗಲಿ, ಪೊಟ್ಟಣ ಕಟ್ಟಿ ಕ್ಯಾಮೆರಾ ಜೊತೆ ವಾಪಸ್ ಕಳಿಸುತ್ತೇವೆ. ಮೂರು ತಿಂಗಳಾದ ಮೇಲೆ ಆ ಹೆಂಗಸೇ ಬಂದರು, ಮಗಳಿಗೊಂದು ಹೊಸ ಕ್ಯಾಮೆರಾ ಕೊಳ್ಳಲು. ಆಮೇಲೆ ಅವರ ತಮ್ಮ. ತಮ್ಮನ ಗೆಳೆಯರು. ಆ ಒಂಬತ್ತು ಮಾದರಿ ಹುಟ್ಟಲೇ ಇಲ್ಲ. ನಾವೇನೂ ದೊಡ್ಡವರಾಗಲಿಲ್ಲ, ಪಾಳಿ ಇವತ್ತಿಗೂ ಒಂದೇ. ಆದರೆ ಆ ಪಾಳಿಯಿಂದ ಯಾರನ್ನೂ ಮನೆಗೆ ಕಳಿಸಲಿಲ್ಲ.

ವರ್ಷ ಮುಗಿದಾಗ ಯಜಮಾನರು ಹೇಳಿದ್ದರು, "ಕಿವಿಯಣ್ಣ ಇರೋವರೆಗೂ ಆ ಕೋಣೆ ಇರತ್ತೆ."

ಈಗ ಅವರಿಲ್ಲ.

ಯಜಮಾನರೇ — ಇಷ್ಟು ಜನರ ಮುಂದೆ ನಾನು ಬಾಯಿ ಬಿಟ್ಟವಳಲ್ಲ. ಇವತ್ತು ತಪ್ಪಿದರೆ ಇನ್ನೆಂದೂ ಕೇಳಲಾರೆ. ಆ ಕೋಣೆ ಮುಚ್ಚಬೇಡಿ. ನನ್ನ ಕಿವಿ ಇನ್ನೂ ಅವರಷ್ಟು ಪಳಗಿಲ್ಲ. ಆದರೆ ಐದು ವರ್ಷ ಅವರೇ ಕಲಿಸಿದ ಕಿವಿ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಗಡಿಯಾರ ನೋಡುವುದು ಬೇಡ. ಇದೋ, ಈ ಕ್ಯಾಮೆರಾದ ಗುಂಡಿಯನ್ನು ಅದುಮಿ ಹಿಡಿದಷ್ಟು ಹೊತ್ತೂ ಪರದೆ ತೆರೆದೇ ಇರುತ್ತದೆ. ತೆರೆಯುವ ಸದ್ದಿಗೆ ಮೌನ ಶುರು. ಮುಚ್ಚುವ ಸದ್ದು ಕೇಳಿದ ಮೇಲೆ ಕೂತುಕೊಳ್ಳಿ. ಸಣ್ಣ ಸದ್ದು — ಕಿವಿಗೊಟ್ಟು ನಿಲ್ಲಬೇಕು.

ಇದು ಅವರ ಮೇಜಿನ ಮೇಲೆ ಅರ್ಧ ಬಿಚ್ಚಿಕೊಂಡು ಬಿದ್ದಿತ್ತು. ಇವತ್ತು ಬೆಳಿಗ್ಗೆ ಬೇಗ ಬಂದು ಜೋಡಿಸಿ ಮುಗಿಸಿದೆ.