ಹೆಜ್ಜೆ ಬೀಳದ ಮರಳು

...ಇಲ್ಲ, ಆ ಕುರ್ಚಿ ಬೇಡ ಅತ್ತೆ, ಅಲ್ಲಿಂದ ಗೋಡೆ ಸರಿಯಾಗಿ ಕಾಣಲ್ಲ. ಈ ಕಡೆ ಸೋಫಾಗೆ ಬನ್ನಿ. ಒಂದ್ನಿಮಿಷ, ಕರ್ಟನ್ ಎಳೀತೀನಿ. ಬಿಸಿಲು ಬಿದ್ರೆ ಸ್ಲೈಡು ಮಂಕಾಗತ್ತೆ. ಹಾಂ, ಈಗ ಸರಿ ಹೋಯ್ತು. ನವ್ಯಾ ಸ್ಕೂಲಲ್ಲಿದ್ದಾಳೆ ಅಂತಲೇ ಈಗ ಹಾಕ್ತಿರೋದು. ಅವಳಿದ್ರೆ ಆಗಲ್ಲ. ಈ ಪ್ರೊಜೆಕ್ಟರ್ ಸದ್ದು ಕೇಳಿದ್ರೆ ಸಾಕು, ಎದ್ದು ರೂಮಿಗೆ ಹೋಗಿ ಬಾಗಿಲು ಹಾಕ್ಕೋತಾಳೆ. ಏಳು ವರ್ಷದ ಮಗು, ಅಮ್ಮನ ನೆನಪಾಗತ್ತೆ ಅಂತ ಕಾಣತ್ತೆ.

ಕೂತ್ಕೊಳ್ಳಿ. ನೀವು ಮಂಡ್ಯದಿಂದ ಬಂದು ಮೂರು ವಾರ ಆಯ್ತು, ನಾನು ಒಂದ್ಸಲವೂ ನಿಮ್ಮ ಎದುರು ಕೂತು ಮಾತಾಡಿಲ್ಲ. ಬರೋ ಭಾನುವಾರ ನಿಮ್ಮ ಫ್ಲೈಟು. ನವ್ಯಾನ ನಿಮ್ಮ ಜೊತೆ ಊರಿಗೆ ಕರ್ಕೊಂಡು ಹೋಗ್ತೀನಿ ಅಂದ್ರಿ. ನಾನು ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಅದಕ್ಕೇ ಇವತ್ತು ಆಫೀಸಿಗೆ ರಜಾ ಹಾಕಿದೆ. ನಿಮ್ಮ ಮಗಳು ಇಲ್ಲಿ ಹೇಗಿದ್ಳು, ನಾವು ಮೂರು ಜನ ಹೇಗಿದ್ವಿ ಅನ್ನೋದನ್ನ ನೀವು ಒಂದ್ಸಲ ಕಣ್ಣಾರೆ ನೋಡಿ. ಆಮೇಲೆ ಹೇಳಿ, ಮಗೂನ ನನ್ನ ಹತ್ರ ಬಿಡಬಹುದೋ ಬೇಡವೋ ಅಂತ.

ಇದು ಯೊಸೆಮಿಟಿ. ತೊಂಬತ್ತಾರರ ಮೇ ತಿಂಗಳು, ನಮ್ಮ ಮೊದಲನೇ ಟ್ರಿಪ್ಪು. ಈ ದೇಶಕ್ಕೆ ಬಂದ ಮೇಲೆ ಅಲ್ಲಿವರೆಗೂ ಯೂನಿಯನ್ ಸಿಟಿಯ ಈ ಅಪಾರ್ಟ್‌ಮೆಂಟು, ಸಾಂಟಾ ಕ್ಲಾರಾದ ಆಫೀಸು, ಇವೆರಡು ಬಿಟ್ಟು ಬೇರೇನೂ ನೋಡಿರಲಿಲ್ಲ ನಾವು. ತೇಜುನೇ ಹೊರಡಿಸಿದ್ದು. ಕ್ಯಾಮೆರಾ ಕೂಡ ಅವಳೇ ಕೊಡಿಸಿದ್ದು, ನನ್ನ ಹುಟ್ಟುಹಬ್ಬಕ್ಕೆ. ಈ ಹುಚ್ಚು ನನಗೆ ಹತ್ತಿಸಿದ್ದೇ ನಿಮ್ಮ ಮಗಳು ಅತ್ತೆ, ಅದೊಂದು ನಿಮಗೆ ಗೊತ್ತಿರಲಿ.

ಆ ಜಲಪಾತ ನೋಡಿ, ಬಂಡೆ ಮೇಲಿಂದ ಹಾಲು ಸುರಿದ ಹಾಗೆ... ಏನು? ತೇಜು ಎಲ್ಲಿ ಅಂತ ಹುಡುಕ್ತಿದ್ದೀರಾ? ಇದರಲ್ಲಿ ಅವಳಿಲ್ಲ. ನನ್ನ ಪಕ್ಕದಲ್ಲೇ ನಿಂತಿದ್ಳು, ಕೊಡೆ ಹಿಡ್ಕೊಂಡು. ಅವತ್ತು ತುಂತುರು ಮಳೆ. ಕೊಡೆ ಕ್ಯಾಮೆರಾಕ್ಕೆ. ಅವಳು, ಅವಳ ಸೊಂಟದ ಮೇಲಿದ್ದ ಮಗು, ಇಬ್ಬರೂ ತೊಯ್ದು ತೊಪ್ಪೆ. ಬೈಲಿಲ್ಲ ಅತ್ತೆ. ನಗ್ತಾನೇ ಇದ್ಳು.

ಮುಂದಿನದು... ಇದೂ ಅಲ್ಲೇ. ಇದು ಲಾಸೆನ್. ಇದು... ಇದೂ ಬೆಟ್ಟ. ಇದೂ ಬೆಟ್ಟವೇ.

ಬೇಜಾರಾಗ್ತಿದೆಯಾ? ಲ್ಯಾಂಡ್‌ಸ್ಕೇಪು ಅಂದ್ರೆ ಹಾಗೇ ಅತ್ತೆ, ಅದರಲ್ಲಿ ಮನುಷ್ಯರು ಇರಬಾರದು. ನಮ್ಮ ಕ್ಯಾಮೆರಾ ಕ್ಲಬ್ಬಲ್ಲಿ ಶೇಷಗಿರಿ ಅಂತ ಒಬ್ಬರು ಹಿರಿಯರಿದ್ದಾರೆ, ಅವರು ಹೇಳೋರು, ಚಿತ್ರದೊಳಗೆ ಒಬ್ಬ ಮನುಷ್ಯ ಬಂದ್ರೂ ಕಣ್ಣು ಅಲ್ಲಿಗೇ ಹೋಗಿಬಿಡತ್ತೆ, ಬೆಟ್ಟ ಸತ್ತುಹೋಗತ್ತೆ ಅಂತ. ನಾನದನ್ನ ವೇದವಾಕ್ಯ ಅಂದ್ಕೊಂಡುಬಿಟ್ಟೆ. ತೇಜು ಆಗಾಗ ಕೇಳೋಳು, "ರೀ, ನಂದೊಂದು ತೆಗೀರಿ, ಅಮ್ಮಂಗೆ ಕಳಿಸ್ತೀನಿ" ಅಂತ. "ಬೆಳಕು ಹೋಗ್ತಿದೆ ಕಣೆ, ಆಮೇಲೆ" ಅನ್ನೋನು ನಾನು. ಬೆಳಕು ಹೋದ ಮೇಲೆ ಕ್ಯಾಮೆರಾ ಬ್ಯಾಗಿಗೆ ಹೋಗೋದು.

ಇಗೋ, ಇದರಲ್ಲಿದ್ದಾಳೆ. ಸಿಕೋಯಾ ಪಾರ್ಕು. ಈ ಮರ ನೋಡಿ, ಇಪ್ಪತ್ತು ಜನ ಕೈ ಹಿಡ್ಕೊಂಡು ನಿಂತ್ರೂ ತಬ್ಬೋಕಾಗಲ್ಲ. ಅಳತೆ ಗೊತ್ತಾಗಲಿ ಅಂತ ಇಬ್ಬರನ್ನೂ ಬುಡದಲ್ಲಿ ನಿಲ್ಲಿಸಿದ್ದೆ. ಕಾಣ್ತಿಲ್ವಾ? ಹತ್ರ ಹೋಗಿ ನೋಡಿ, ಪರವಾಗಿಲ್ಲ. ನಿಮ್ಮ ನೆರಳು ಬೀಳತ್ತೆ, ಒಂಚೂರು ಪಕ್ಕಕ್ಕೆ... ಹಾಂ, ಅದೇ, ಆ ಕೆಂಪು ಚುಕ್ಕೆ. ನೀವು ಕಳಿಸಿದ ಸ್ವೆಟರು ಅದು.

ಮುಟ್ಟಿ ನೋಡಿ. ಗೋಡೆ ತಾನೇ.

...ಮುಂದಕ್ಕೆ ಹೋಗಲಾ?

ಯಾಕೆ, ಯಾಕೆ ನಕ್ರಿ? ಹೌದು, ಅವಳು ಹಾಗೇ. ಬಾಯಿ ತುಂಬ ಪುಳಿಯೋಗರೆ ಇಟ್ಕೊಂಡೇ ಮಾತಾಡಬೇಕು. ಇದು ನಾನು ತೆಗೆದಿದ್ದಲ್ಲ ಅತ್ತೆ, ನವ್ಯಾ ತೆಗೆದಿದ್ದು. ನಾನು ಟ್ರೈಪಾಡು ಮಡಚ್ತಿದ್ದಾಗ ಕ್ಯಾಮೆರಾ ಎತ್ಕೊಂಡು ಟಕ್ ಅಂತ ಒತ್ತಿಬಿಟ್ಟಿದ್ಳು. ಚೂರು ಅಲ್ಲಾಡಿದೆ. ಅವತ್ತು ಬೈದಿದ್ದೆ, ಫಿಲ್ಮು ಹಾಳು ಮಾಡಬೇಡ ಅಂತ.

ನಾಲ್ಕು ವರ್ಷ ಊರೂರು ಸುತ್ತಿದ್ವಿ. ನಿಮ್ಮ ಮಗಳ ಮುಖ ಇರೋದು ಇದೊಂದರಲ್ಲೇ.

ಅಸ್ಥಿ ಬಿಡೋಕೆ ಶ್ರೀರಂಗಪಟ್ಟಣಕ್ಕೆ ಬಂದಾಗ ನೀವು ಕೇಳಿದ್ರಿ, ಜ್ಞಾಪಕ ಇದೆಯಾ? "ಇಷ್ಟೊಂದು ಫೋಟೋ ತೆಗೀತೀರಲ್ಲ, ಅವಳದೊಂದು ಕೊಡಿ, ಹಾರ ಹಾಕೋಣ" ಅಂತ. ಗಡಿಬಿಡೀಲಿ ಅಲ್ಲೇ ಬಿಟ್ಟು ಬಂದೆ ಅಂದೆ. ಮದುವೆ ಫೋಟೋನೇ ದೊಡ್ಡದು ಮಾಡಿಸಿ ಇಟ್ರಿ. ಬಿಟ್ಟು ಬಂದಿರಲಿಲ್ಲ ಅತ್ತೆ. ಹಾರ ಹಾಕೋ ಅಂಥದ್ದು ನನ್ನ ಹತ್ರ ಇರಲೇ ಇಲ್ಲ.

ಇಷ್ಟೇ. ಲೈಟು ಹಾಕಲಾ?

...ಇನ್ನೊಂದಿದೆ, ಹೌದು. ಫೆಬ್ರವರಿದು. ಅದನ್ನ ನಾನೂ ಒಂದೇ ಸಲ ನೋಡಿರೋದು. ಬೇಡ ಅನ್ಸತ್ತೆ... ನೋಡಲೇಬೇಕಾ?

ಆಯ್ತು.

ಡೆತ್ ವ್ಯಾಲಿ ಅಂತ. ಹೆಸರು ಕೇಳಿ ತೇಜು, "ಇಂಥ ಕಡೆಗೆ ಯಾರಾದ್ರೂ ಮಗು ಕರ್ಕೊಂಡು ಹೋಗ್ತಾರಾ?" ಅಂದಿದ್ಳು. ಬೇಸಿಗೆ ಬಿಸಿಲಿಗೆ ಇಟ್ಟ ಹೆಸರು ಅದು, ಈಗ ತಂಪಾಗಿರತ್ತೆ ಅಂತ ಒಪ್ಪಿಸಿದೆ. ಹೊಸ ಕಂಪನಿ, ಸಾಫ್ಟ್‌ವೇರ್ ರಿಲೀಸು ರಿಲೀಸು ಅಂತ ನಾಲ್ಕು ತಿಂಗಳು ಶನಿವಾರ ಭಾನುವಾರ ಅನ್ನೋದೇ ಇರಲಿಲ್ಲ ನನಗೆ. ಮೂರು ದಿನ ರಜಾ ಸಿಕ್ಕಿತ್ತು. ಬೆಳಿಗ್ಗೆ ಐದಕ್ಕೆ ಹೊರಟ್ವಿ. ಒಂಬತ್ತು ಗಂಟೆ ದಾರಿ, ಎರಡೇ ಸಲ ಕಾರು ನಿಲ್ಲಿಸಿದೆ. ಬೇಕರ್ಸ್‌ಫೀಲ್ಡ್ ದಾಟಿದ ಮೇಲೆ ತೇಜು, ಮೀನಖಂಡ ಹಿಡ್ಕೊಂಡಿದೆ, ಸ್ವಲ್ಪ ಇಳಿದು ಓಡಾಡ್ತೀನಿ ಅಂದ್ಳು. ಮುಂದೆ ನಿಲ್ಲಿಸ್ತೀನಿ ಅಂದೆ. ಸಂಜೆ ಬೆಳಕಿಗೆ ಅಲ್ಲಿರಬೇಕು ಅಂತ ನನ್ನ ತಲೇಲಿ.

ನೋಡಿ, ಇದೇ. ಮರಳಿನ ದಿಬ್ಬ. ಬೆನ್ನು ಕತ್ತಿ ಅಂಚಿನ ಹಾಗಿದೆ. ಈ ಕಡೆ ಚಿನ್ನ, ಆ ಕಡೆ ಕಪ್ಪು. ಮುಂದುಗಡೆ ಒಂದೂ ಹೆಜ್ಜೆ ಗುರುತಿಲ್ಲ. ರಜಾ ದಿನ, ಅಷ್ಟು ಜನ ಬಂದು ಹೋಗೋ ಜಾಗದಲ್ಲಿ ಇಷ್ಟು ಚೊಕ್ಕ ಮರಳು ಸಿಗೋದಿದೆಯಲ್ಲ, ಅದು... ಶೇಷಗಿರಿಯವರು ಹೇಳ್ತಿದ್ರು...

ಗೋಡೆ ನೋಡಿ ಅತ್ತೆ. ನನ್ನ ಯಾಕೆ ನೋಡ್ತಿದ್ದೀರಿ?

ಅವತ್ತು ಆಗಿದ್ದನ್ನ ಹೇಳಿದ್ದೀನಲ್ಲ ನಿಮಗೆ. ಮಂಡ್ಯದಲ್ಲಿ ಎಲ್ಲರ ಎದುರಿಗೇ ಹೇಳಿದೆ. ಸೂರ್ಯ ಮುಳುಗಿದ ಮೇಲೆ, ಐದೂವರೆಗೆ, ಕಾರಿನ ಕಡೆ ವಾಪಸ್ ಬರ್ತಿದ್ವಿ. ಇದ್ದಕ್ಕಿದ್ದ ಹಾಗೆ ಉಸಿರು ಸಿಕ್ತಿಲ್ಲ ಅಂದ್ಳು, ಕುಸಿದು ಕೂತ್ಳು. ಎತ್ಕೊಂಡು ರಸ್ತೆಗೆ ಬಂದೆ. ಪಾರ್ಕಿನ ರೇಂಜರು ಆಂಬ್ಯುಲೆನ್ಸ್ ಕರೆಸಿದ್ರು. ಆಸ್ಪತ್ರೆ ಎಲ್ಲೋ ದೂರ, ದಾರೀಲೇ ಹೋಗ್ಬಿಟ್ಳು. ಕಾಲಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋಗಿ ಕೂತಿತ್ತಂತೆ. ಇಷ್ಟು ಬೇಗ ಆಗಿಹೋದ್ರೆ ಯಾರಿಂದಲೂ ಏನೂ ಮಾಡೋಕಾಗ್ತಿರಲಿಲ್ಲ ಅಂತ ಡಾಕ್ಟರೇ ಹೇಳಿದ್ರು. ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ರು.

ಏನಾದ್ರೂ ಕೇಳಿ. ಊರಲ್ಲಿ ಎಲ್ಲರೂ ಕೇಳಿದ್ರು. ಫೋನಿರಲಿಲ್ವಾ, ಅಕ್ಕಪಕ್ಕ ಜನ ಇರಲಿಲ್ವಾ, ಮುಂಚೆ ಏನೂ ಹೇಳಲಿಲ್ವಾ ಅಂತ. ನೀವು ಹೆತ್ತ ತಾಯಿ, ನೀವು ಮಾತ್ರ ಏನೂ ಕೇಳಲಿಲ್ಲ. ಇಲ್ಲಿಗೆ ಬಂದ ಮೇಲೂ ಕೇಳಲಿಲ್ಲ. ಹೀಗೆ ಸುಮ್ಮನೆ ಕೂತ್ರೆ ನಾನು ಏನಂತ...

...

ಹೇಳಿದ್ಳು ಅತ್ತೆ. ಮುಂಚೇನೇ ಹೇಳಿದ್ಳು.

ಅಲ್ಲಿ ತಲುಪಿ ಅರ್ಧ ಗಂಟೆ ನಡೆದಿದ್ವಿ ಅಷ್ಟೇ. "ರೀ, ಎದೆ ಒಂಥರಾ ಹಿಡ್ಕೊಂಡ ಹಾಗಿದೆ, ಉಸಿರು ಸಾಲ್ತಿಲ್ಲ, ವಾಪಸ್ ಹೋಗೋಣ್ವಾ?" ಅಂದ್ಳು. ದಾರೀಲಿ ತಿಂದಿದ್ದು ಗ್ಯಾಸ್ ಆಗಿರತ್ತೆ, ನೀರು ಕುಡಿದು ಕೂತ್ಕೋ ಅಂದೆ. ನಾನಾಗಲೇ ಜಾಗ ನೋಡ್ಕೊಂಡಿದ್ದೆ. ಅವಳನ್ನೂ ಮಗೂನೂ ಒಂದು ಕಡೆ ಕೂರಿಸಿ ಎದುರು ದಿಬ್ಬಕ್ಕೆ ಹೋಗಿ ಟ್ರೈಪಾಡು ನಿಲ್ಲಿಸಿದೆ. ಸುತ್ತು ಹಾಕ್ಕೊಂಡೇ ಹೋದೆ. ಯಾಕಂದ್ರೆ ಮಧ್ಯೆ ಈ ಮರಳಿತ್ತು, ಈಗ ಗೋಡೆ ಮೇಲಿದೆಯಲ್ಲ, ಇದೇ. ಇದರ ಮೇಲೆ ಯಾರೂ ಕಾಲಿಡಬೇಡಿ ಅಂತ ಹೇಳಿದ್ದೆ. ನವ್ಯಾ ನನ್ನ ಹತ್ರ ಓಡಿ ಬರೋಕೆ ಹೋದಾಗ ಅಲ್ಲಿಂದಲೇ ಗದರಿಸಿದ್ದೆ, ಹೆಜ್ಜೆ ಬಿದ್ರೆ ಎಲ್ಲಾ ಹಾಳಾಗತ್ತೆ ಅಂತ.

ಎಷ್ಟೋ ಹೊತ್ತಾದ ಮೇಲೆ ತೇಜು ಎದ್ದು ನನ್ನ ಹತ್ರ ಬಂದ್ಳು.

ನೇರ ಬಂದಿದ್ರೆ ಐವತ್ತು ಹೆಜ್ಜೆ ಅತ್ತೆ. ಅವಳು ನೇರ ಬರಲಿಲ್ಲ. ದಿಬ್ಬದ ಹಿಂದುಗಡೆಯಿಂದ ಸುತ್ಕೊಂಡು ಬಂದ್ಳು. ಆ ಮರಳಲ್ಲಿ ಒಂದು ಹೆಜ್ಜೆ ಮುಂದಿಟ್ರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರತ್ತೆ, ಗಟ್ಟಿಮುಟ್ಟಾಗಿರೋರಿಗೇ ಏದುಸಿರು ಬರತ್ತೆ. ಒಂದು ಕೈಯಲ್ಲಿ ಎದೆ ಹಿಡ್ಕೊಂಡು, ಇನ್ನೊಂದು ಕೈಯಲ್ಲಿ ಮಗೂನ ಹಿಡ್ಕೊಂಡು, ಅಷ್ಟು ದೂರ ಬಂದ್ಳು. ನನ್ನ ಫೋಟೋ ಕೆಡಬಾರದು ಅಂತ.

ಬಂದು ಪಕ್ಕದಲ್ಲಿ ಕೂತ್ಳು. "ಆಯ್ತಾ?" ಅಂದ್ಳು. ಅಷ್ಟೇ ಅಂದಿದ್ದು. "ಇನ್ನ ಹತ್ತು ನಿಮಿಷ, ಈಗ ಬರ್ತಿದೆ ಬೆಳಕು" ಅಂದೆ. ತಿರುಗಿ ನೋಡಲಿಲ್ಲ ನಾನು. ನೋಡಿದ್ರೆ ಗೊತ್ತಾಗ್ತಿತ್ತು. ಕ್ಯಾಮೆರಾಕ್ಕೆ ಕಣ್ಣು ಹಚ್ಚಿದೋನು ಹಾಗೇ ಇದ್ದೆ. ಈ ಸ್ಲೈಡು ಆವಾಗ ತೆಗೆದಿದ್ದು. ಇದನ್ನ ತೆಗೀವಾಗ ಅವಳು ನನ್ನಿಂದ ಒಂದು ಮಾರು ದೂರದಲ್ಲಿದ್ಳು. ನವ್ಯಾ "ಅಪ್ಪಾ, ಲುಕ್ ಅಟ್ ಅಮ್ಮ" ಅಂದಾಗ ತಿರುಗಿದೆ. ತುಟಿ ನೀಲಿಯಾಗಿತ್ತು.

ಆಸ್ಪತ್ರೇಲಿ ಡಾಕ್ಟರು ಕೇಳಿದ್ರು, ನೋವು ಎಷ್ಟು ಹೊತ್ತಿಗೆ ಶುರುವಾಯ್ತು ಅಂತ. ಐದೂವರೆ ಅಂದೆ. ಯಾಕೆ ಹಾಗಂದೆ ಅಂತ ಗೊತ್ತಿಲ್ಲ, ಬಾಯಿಂದ ಬಂದುಬಿಡ್ತು. ಆಮೇಲೆ ಅವರು ಹೇಳಿದ್ರಲ್ಲ ಸಮಾಧಾನದ ಮಾತು, ಏನೂ ಮಾಡೋಕಾಗ್ತಿರಲಿಲ್ಲ ಅಂತ, ಅದು ನಾನಂದ ಐದೂವರೆ ಲೆಕ್ಕಕ್ಕೆ ಹೇಳಿದ ಮಾತು. ನಿಜ ಹೇಳಿದ್ರೆ ಅವರು ಏನನ್ನೋರೋ ನನಗೆ ಗೊತ್ತಿಲ್ಲ. ಕೇಳೋ ಧೈರ್ಯ ಇರಲಿಲ್ಲ, ಇವತ್ತಿಗೂ ಇಲ್ಲ.

ಶುರುವಾಗಿದ್ದು ಮೂರೂ ಮುಕ್ಕಾಲಿಗೆ. ಮೂರೂ ಮುಕ್ಕಾಲು ಅಂತ ಹೇಗೆ ಗೊತ್ತು ಅಂದ್ರೆ, ನವ್ಯಾಗೆ ಸ್ಕೂಲಲ್ಲಿ ಆಗಷ್ಟೇ ಗಡಿಯಾರ ನೋಡೋದು ಹೇಳಿಕೊಟ್ಟಿದ್ರು. ತೇಜು ಅವಳಿಗೊಂದು ವಾಚು ಕೊಡಿಸಿ, ಗಳಿಗೆಗೊಂದ್ಸಲ "ಪುಟ್ಟಿ, ಈಗ ಎಷ್ಟು ಗಂಟೆ?" ಅಂತ ಕೇಳೋಳು. ಅವತ್ತೂ ಎದೆ ಹಿಡ್ಕೊಂಡು ಕೂತಾಗ ಕೇಳಿದ್ಳು. ಮಗು ಹೆದರಬಾರದು ಅಂತ ಇರಬೇಕು. ನವ್ಯಾ ವಾಚು ನೋಡಿ ಹೇಳಿದ್ಳು. ಸರಿಯಾಗೇ ಹೇಳಿದ್ಳು.

ಆಸ್ಪತ್ರೇಲಿ ನಾನು ಐದೂವರೆ ಅಂದಾಗ ಅವಳು ನನ್ನ ಬೆರಳು ಹಿಡ್ಕೊಂಡು ನಿಂತಿದ್ಳು. ಡಾಕ್ಟರು ಹೋದ ಮೇಲೆ ಅಂದ್ಳು, ಇಂಗ್ಲಿಷಲ್ಲಿ, ಅಲ್ಲಪ್ಪಾ, ಅದಕ್ಕಿಂತ ಮುಂಚೆ, ನಾನು ವಾಚು ನೋಡಿದೀನಿ ಅಂತ. ನಾನೇನಂದೆ ಗೊತ್ತಾ ಅತ್ತೆ? ನಿಂಗಿನ್ನೂ ಗಡಿಯಾರ ನೋಡೋಕೆ ಸರಿಯಾಗಿ ಬರಲ್ಲ ಪುಟ್ಟಿ, ಅಂದೆ. ಅಮ್ಮ ಹೋಗಿ ಒಂದು ಗಂಟೆಯೂ ಆಗಿರಲಿಲ್ಲ ಆ ಮಗೂಗೆ.

ಬೆರಳು ಬಿಟ್ಬಿಟ್ಳು. ಆಮೇಲೆ ಆ ವಾಚು ಕಟ್ಟಿಲ್ಲ ಅವಳು.

...

ನೀವು ಅಳ್ತಾ ಇಲ್ಲ.

ಇಷ್ಟು ಹೇಳಿದ್ರೂ ನಿಮ್ಮ ಮುಖ ಹಾಗೇ ಇದೆ. ಕೈಯೆತ್ತಿ ಹೊಡೀತೀರಿ, ಶಾಪ ಹಾಕ್ತೀರಿ ಅಂದ್ಕೊಂಡಿದ್ದೆ. ಏನು ಅಂತಾನೂ ಕೇಳಲಿಲ್ಲ ನೀವು. ಹೊಸದಾಗಿ ಕೇಳಿದೋರ ಹಾಗೆ ಕಾಣ್ತಿಲ್ಲ...

ಅತ್ತೆ. ನವ್ಯಾ ಹೇಳಿದ್ಳಾ?

ಯಾವಾಗ? ನೀವು ಬಂದ ಹೊಸದರಲ್ಲೇನಾ? ಕನ್ನಡದಲ್ಲಿ ಹೇಳಿದ್ಳಾ... ಹೂಂ, ನಿಮಗೆ ಮತ್ತಿನ್ಯಾವುದರಲ್ಲಿ ಹೇಳ್ತಾಳೆ. ನನ್ನ ಹತ್ರ ಒಂದಕ್ಷರ ಕನ್ನಡ ಆಡಲ್ಲ ಈಗ. ನಿಮಗೆ ಹೇಳಬೇಕು ಅಂತ ಎಷ್ಟು ದಿನ ಮಾತು ಜೋಡಿಸ್ಕೊಂಡಿದ್ಳೋ ಏನೋ. ಅಪ್ಪ ಸುಳ್ಳು ಹೇಳಿದ್ರು ಅಂತಾನಾ? ಇಲ್ಲಾ, ನಂಗೆ ಗಂಟೆ ನೋಡೋಕೆ ಬರಲ್ಲ ಅಂತಾನಾ?

...ಅದನ್ನೇ ಹೇಳಿದ್ಳಾ. ಗಂಟೆ ನೋಡಿದ್ರಲ್ಲಿ ತಪ್ಪು ತನ್ನದೇ ಅಂದ್ಕೊಂಡಿದ್ದಾಳಾ ಅವಳು.

ಮೂರು ವಾರದಿಂದ ನಿಮಗೆ ಗೊತ್ತು. ಗೊತ್ತಿದ್ದೂ ದಿನಾ ನನಗೆ ಬಡಿಸಿದ್ರಿ. ನಿನ್ನೆ ನಾನು ಸಾಕು ಅಂದ್ರೂ ಇನ್ನೊಂದು ತುತ್ತು ಅಂತ ಮೊಸರನ್ನ ಹಾಕಿದ್ರಿ. ನಾನಾಗೇ ಬಾಯಿ ಬಿಡಲಿ ಅಂತ ಕಾಯ್ತಿದ್ರಿ ನೀವು. ನಾನು ಬೆಟ್ಟ ತೋರಿಸ್ತಾ ಕೂತೆ.

ಭಾನುವಾರ ಅವಳನ್ನ ಕರ್ಕೊಂಡು ಹೋಗಿ ಅತ್ತೆ. ನಾನು ತಡೆಯಲ್ಲ. ಆದ್ರೆ ಅದಕ್ಕೆ ಮುಂಚೆ ಅವಳಿಗೆ ನಾನೇ ಹೇಳಬೇಕು. ಇವತ್ತೇ ಹೇಳ್ತೀನಿ. ನೀನು ನೋಡಿದ ಗಂಟೆ ಸರಿ ಪುಟ್ಟಿ, ಅಪ್ಪ ಹೇಳಿದ್ದು ಸುಳ್ಳು ಅಂತ. ಅವಳು ನಂಬ್ತಾಳೋ ಇಲ್ಲವೋ, ನನ್ನ ಮುಖ ನೋಡ್ತಾಳೋ ಇಲ್ಲವೋ. ಒಬ್ಬನೇ ಅವಳ ಮುಂದೆ ನಿಂತ್ರೆ ಮತ್ತೆ ಬೇರೆ ಏನಾದ್ರೂ ಹೇಳಿಬಿಡ್ತೀನಿ ಅಂತ ನನಗೆ ಭಯ. ನೀವು ಪಕ್ಕದಲ್ಲಿರಿ. ಏನೂ ಮಾತಾಡೋದು ಬೇಡ, ಈಗ ಕೂತಿದ್ದೀರಲ್ಲ, ಹೀಗೇ ಕೂತಿರಿ ಸಾಕು.

ಇರ್ತೀರಾ ಅತ್ತೆ?