ಇಬ್ಬರಿಗೂ ಒಂದೇ ಕಡೆ

ಬೆಳಗಾವಿ ಬಸ್ ನಿಲ್ದಾಣದಲ್ಲಿ ಧಾರವಾಡದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಇಬ್ಬರು ಮಾತಾಡುತ್ತಿದ್ದರು. ಮನೆಯಿಲ್ಲದವರಿಗಾಗಿ ಏಳು ಸಂಸ್ಥೆಗಳನ್ನು ಒಟ್ಟುಗೂಡಿಸಿದ ಶಗುಫ್ತಾ ಮೇಡಂ ಒಬ್ಬರು, ಖಾನಾಪುರದ ಕಾರ್ಯಕರ್ತ ಗುರುಪುತ್ರಪ್ಪ ಇನ್ನೊಬ್ಬರು ಎಂದು ಅವರ ಮಾತಿನಿಂದಲೇ ತಿಳಿಯಿತು.

“ಮೇಡಂ, ಆ ಮುದುಕ ಮುದುಕಿ ಇನ್ನೂ ಖಾನಾಪುರದಾಗ ರಸ್ತೆ ಬಾಜೂಕ ಅದಾರ್ರೀ. ಜಾಗ ಸಿಕ್ತೇನ್ರಿ?”

“ಸಿಕ್ಕೈತ್ರಿ. ಆತಗ ಅನಗೋಳದಾಗ, ಆಕಿಗೆ ಸಾಂಬ್ರಾದಾಗ.”

“ಬ್ಯಾರೆ ಬ್ಯಾರೆ?”

“ಗಂಡಸರ ಆಶ್ರಯಧಾಮ ಬ್ಯಾರೆ, ಹೆಂಗಸರದು ಬ್ಯಾರೆ. ಏಳೂ ಸಂಸ್ಥಾದವರನ್ನ ಕೇಳೀನಿ. ಗಂಡ ಹೆಂಡ್ತಿ ಕೂಡಿ ಇರಾಕ ಯಾರ ಕಡೇನೂ ಖೋಲಿ ಇಲ್ರಿ.”

“ಆತಗ ಕಣ್ಣ ಕಾಣಂಗಿಲ್ರಿ. ಆಕೀನ ಆತನ ಕೈ ಹಿಡದ ನಡಸ್ತಾಳ, ಉಣಸ್ತಾಳ.”

“ಗೊತ್ತೈತ್ರಿ. ಅದನ್ನೂ ಹೇಳೀನಿ.”

“ನಿನ್ನೆ ಆಕಿ, ‘ತಮ್ಮಾ, ಇಬ್ರಿಗೂ ಒಂದ ಕಡೆ ಆಗತೈತಲ್ಲ?’ ಅಂತ ಕೇಳಿದ್ಳು. ನಾ ಹೂಂ ಅಂದ ಬಂದೀನ್ರಿ.”

“ಯಾಕ ಹೂಂ ಅಂದ್ರಿ?”

“ಏಳು ಸಂಸ್ಥಾ ಕೂಡ್ಯಾವ, ಒಂದ ಖೋಲಿ ಸಿಗಂಗಿಲ್ಲೇನು ಅನಿಸ್ತ್ರಿ.”

ಖಾನಾಪುರದ ಬಸ್ ಬಂತು. ಗುರುಪುತ್ರಪ್ಪ ಎದ್ದರು.

“ಈಗ ಹೋಗಿ ಏನ ಹೇಳ್ಲಿ ಮೇಡಂ?”

“ತಡೀರಿ, ನಾನೂ ಬರ್ತೀನಿ,” ಎಂದು ಶಗುಫ್ತಾ ಅವರೂ ಎದ್ದರು. “ಏನ ಹೇಳೋದು ಅಂತ ನನಗೂ ತಿಳಿವಲ್ದು.”

ಇಬ್ಬರೂ ಬಸ್ ಹತ್ತಿದರು.